'ಅದರಾಗೇನೈತಿ' ಅಂದವರಿಗೆ

ನಿನ್ನೆ ವಿಜಯಪುರದಲ್ಲಿ ಸಂಬಂಧಿಕರ ಮನೆಯ ಕುಬಸ. ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ಯಾರದೋ ಮೊಬೈಲಿನಲ್ಲಿ ಪ್ರಾಚಿ ತೆಹ್ಲಾನ್ ಕಾಣಿಸಿದಳು. 'ಈಕಿ ಮೊದಲ ನೆಟ್‌ಬಾಲ್ ಆಡ್ತಿದ್ಲಂತ. ಬಿಟ್ಟು ಸೀರಿಯಲ್‌ಗೆ ಬಂದ್ಲು. ಚೊಲೋ ಮಾಡಿದ್ಲು ಬಿಡ್ರಿ, ಆ ಆಟದಾಗೇನೈತಿ' ಅಂದರು ಒಬ್ಬರು. ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ಹೊರಗೆ ಬಂದೆ.

ನಾನು ಆಡಿದ ಆಟ ಅದು. ಅಂಗಳದ ನಡುವಿನ ಸೆಂಟರ್ ಸ್ಥಾನದಲ್ಲಿ ಆಡುತ್ತಿದ್ದೆ. ನೋಡಲು ಬಾಸ್ಕೆಟ್‌ಬಾಲ್ ತರಹವೇ, ಆದರೆ ಇದರಲ್ಲಿ ಚೆಂಡು ಪುಟಿಸುತ್ತ ಓಡುವ ಹಾಗಿಲ್ಲ. ಕೈಗೆ ಬಂದ ಚೆಂಡನ್ನು 3 ಸೆಕೆಂಡಿನೊಳಗೆ ಬಿಡಲೇಬೇಕು. ತಂಡದ 7 ಜನರೂ ಕಣ್ಣು ಬಿಟ್ಟುಕೊಂಡಿರಬೇಕು.

2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಭಾರತ ತಂಡದ ನಾಯಕಿ ಪ್ರಾಚಿ. ಆಗ ವಯಸ್ಸು 17! ಮರುವರ್ಷ ದಕ್ಷಿಣ ಏಷ್ಯಾ ಬೀಚ್ ಕ್ರೀಡಾಕೂಟದಲ್ಲಿ ಅವಳ ತಂಡಕ್ಕೆ ಬೆಳ್ಳಿ. ನೆಟ್‌ಬಾಲ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ. ಇಷ್ಟಿದ್ದೂ 'ಅದರಾಗೇನೈತಿ'!

ಒಂದು ನಿಜ ಹೇಳಿಬಿಡುತ್ತೇನೆ. 2016ರಲ್ಲಿ 'ದಿಯಾ ಔರ್ ಬಾತಿ ಹಮ್' ಅನ್ನೋ ಹಿಂದಿ ಸೀರಿಯಲ್‌ನಲ್ಲಿ ಅವಳನ್ನು ನೋಡಿದಾಗ ನನಗೂ ಸಿಟ್ಟು ಬಂದಿತ್ತು. ಕ್ಯಾಪ್ಟನ್ ಆಗಿದ್ದವಳೇ ಹೋದರೆ ನಾವು ಯಾರ ಹೆಸರು ಹೇಳಿಕೊಂಡು ಹುಡುಗಿಯರನ್ನು ಅಂಗಳಕ್ಕೆ ಕರೆಯೋದು? ಟಿವಿ ಆರಿಸಿಬಿಟ್ಟಿದ್ದೆ. ಮರುವರ್ಷ 'ಇಕ್ಯಾವನ್' ಸೀರಿಯಲ್ ಶುರುವಾಯಿತು. ಅವಳೇ ನಾಯಕಿ. ಅತ್ತೆ ದಿನಾ ನೋಡುತ್ತಿದ್ದರು. ರೊಟ್ಟಿ ಬಡಿಯುತ್ತ ನಾನೂ ಇಣುಕಿದೆ. ಆ ನೆಟ್ಟಗೆ ನಿಲ್ಲುವ ರೀತಿ, ಆ ಹೆಗಲು! ಇವಳು ಆಟ ಎಲ್ಲಿ ಬಿಟ್ಟಿದ್ದಾಳೆ ಅನ್ನಿಸಿತು. ನನ್ನ ಸಿಟ್ಟು ಅವತ್ತೇ ಇಳಿಯಿತು. 2019ರಲ್ಲಿ ಮಮ್ಮುಟ್ಟಿ ಜೊತೆ ಅವಳ ಮಲಯಾಳಂ ಸಿನಿಮಾ 'ಮಾಮಾಂಗಂ' ಬಂದಾಗ ಮನೆಯವರಿಗೆಲ್ಲ ನಾನೇ ಹೇಳಿಕೊಂಡು ತಿರುಗಿದೆ.

ಓಟಗಾರ್ತಿ ಅಶ್ವಿನಿ ನಾಚಪ್ಪ ಅವರೂ ಸಿನಿಮಾ ಮಾಡಿದರು, ಆಮೇಲೆ ಕೊಡಗಿನಲ್ಲಿ ಶಾಲೆ ಕಟ್ಟಿ ಆಟಕ್ಕೇ ವಾಪಸ್ ಬರಲಿಲ್ವಾ ಅಂತ ನೀವು ಕೇಳಬಹುದು. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಅವರು ಓಡಿದ್ದು ಒಲಿಂಪಿಕ್ಸ್‌ನಲ್ಲಿರುವ ಓಟ. ನೆಟ್‌ಬಾಲ್ ಇವತ್ತಿನವರೆಗೂ ಒಲಿಂಪಿಕ್ಸ್ ಕಂಡಿಲ್ಲ. ಅಲ್ಲಿಲ್ಲದ ಆಟವನ್ನು ಇಲ್ಲಿ ಯಾರು ಕೇಳುತ್ತಾರೆ? ನೌಕರಿಗೆ ಅರ್ಜಿ ಕೊಟ್ಟಾಗ ಒಂದು ಕಚೇರಿಯಲ್ಲಿ ನನ್ನ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಇದು ಬಾಸ್ಕೆಟ್‌ಬಾಲ್ ಏನ್ರಿ?' ಅಂದಿದ್ದರು. ಅಲ್ಲ ಅಂದೆ. ಕಾಗದ ವಾಪಸ್ ಬಂತು. ಬಸ್ಸಿನಲ್ಲಿ ಊರಿಗೆ ಬರುವವರೆಗೂ ಅತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಮ್ಮೂರ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತೆಗೆದಾಗ ನಾನು ಕುಣಿದಿದ್ದೆ. ಅವತ್ತು ಯಾರಾದರೂ 'ಆ ಆಟದಾಗೇನೈತಿ' ಅಂದರಾ? ಹುಡುಗಿ ಆಡಿದರೆ ಊರು ಖುಷಿಪಡುತ್ತದೆ ಅಂತ ಅವತ್ತೇ ಗೊತ್ತಾಯಿತು. ಆ ಖುಷಿ ಒಂದೇ ಆಟಕ್ಕೆ ಯಾಕೆ? ಪ್ರಾಚಿ ಆಟ ಬಿಟ್ಟಳು ಅನ್ನುವ ಮೊದಲು, ಅವಳು ಆಡುತ್ತಿದ್ದಾಗ ನೀವು ಒಂದು ಮ್ಯಾಚ್ ನೋಡಿದ್ದಿರಾ?

ನಾನು ಅಂಗಳದಲ್ಲಿ ನಿಂತಿದ್ದಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹಿಂದೆಯೇ ಬಂದಳು. 'ಅಕ್ಕಾ, ನೆಟ್‌ಬಾಲ್ ಹೆಂಗ ಆಡ್ತಾರ?' ಅಂದಳು. ಮೂಲೆಯಲ್ಲಿ ಮಕ್ಕಳ ಚೆಂಡು ಬಿದ್ದಿತ್ತು. ಸೆರಗು ಸಿಗಿಸಿ ಎತ್ತಿಕೊಂಡೆ. ಮೂರರವರೆಗೆ ಎಣಿಸು ಅಂದೆ. ಅವಳು 'ಎರಡು' ಅನ್ನುವಷ್ಟರಲ್ಲಿ ಎಸೆದೆ. ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದಳು, ಬೀಳಿಸಲಿಲ್ಲ.