ಚಿಕ್ಕಮ್ಮ, ದೊಡ್ಡಮ್ಮ ಮತ್ತು ಬ್ಯಾಕಪ್ಪು

ನನಗೆ ತಪ್ಪದೆ ಫೋನ್ ಮಾಡುವವರು ಇಬ್ಬರೇ. ಶಿವಮೊಗ್ಗದ ಚಿಕ್ಕಮ್ಮ, ಹಾಸನದ ದೊಡ್ಡಮ್ಮ. ಚಿಕ್ಕಮ್ಮ ದಿನಾ ರಾತ್ರಿ ಎಂಟಕ್ಕೆ ಮಾಡುತ್ತಾರೆ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದಲೇ ಶುರು. "ಆಮೇಲೆ ಅವನು ಬರಲೇ ಇಲ್ಲ ನೋಡು" ಅನ್ನುತ್ತಾರೆ. ಯಾವನು, ಎಲ್ಲಿಗೆ ಬರಲಿಲ್ಲ ಅನ್ನುವುದೆಲ್ಲ ನಿನ್ನೆಯ ಫೋನಿನಲ್ಲೇ ಆಗಿಹೋಗಿರುತ್ತದೆ. ಮೂರು ನಿಮಿಷಕ್ಕೆ ಮಾತು ಮುಗಿಯುತ್ತದೆ.

ದೊಡ್ಡಮ್ಮ ಹಾಗಲ್ಲ. ಅವರ ಕಥೆ ಯಾವಾಗಲೂ ಮಗನ ಮದುವೆಯಿಂದಲೇ ಹೊರಡಬೇಕು. ಮದುವೆಯಾದ ವಾರ ಐದು ನಿಮಿಷದ ಫೋನು. ಗೌರಿ ಹಬ್ಬದ ಹೊತ್ತಿಗೆ ಮುಕ್ಕಾಲು ಗಂಟೆ. ಆದರೆ ನಡುವೆ ಹತ್ತು ಸಲ ಫೋನ್ ಎತ್ತದಿದ್ದರೂ ನಷ್ಟವಿಲ್ಲ. ಕೊನೆಯದೊಂದನ್ನು ಕೇಳಿಸಿಕೊಂಡರೆ ಸಾಕು, ಎಲ್ಲ ಬಂತು.

ಮನೆ ಕಂಪ್ಯೂಟರಿನ ಬ್ಯಾಕಪ್, ಅಂದರೆ ಆಪತ್ತಿಗೊಂದು ನಕಲು, ತೆಗೆಯಲು ಕೂತಾಗ ಸಾಫ್ಟ್‌ವೇರ್ ಕೇಳಿದ್ದೂ ಇದನ್ನೇ. ಇನ್‌ಕ್ರಿಮೆಂಟಲ್ಲೋ, ಡಿಫರೆನ್ಶಿಯಲ್ಲೋ? ಅಂದರೆ ಚಿಕ್ಕಮ್ಮನೋ, ದೊಡ್ಡಮ್ಮನೋ? ಇಬ್ಬರಿಗೂ ಮೊದಲು ಒಂದು ಫುಲ್ ಬ್ಯಾಕಪ್ ಬೇಕು, ಅದೇ ಮದುವೆ. ನನ್ನದು 180 ಜಿಬಿಯ ಮದುವೆ. ನಕಲು ಇಡುವ ಹೊರಗಿನ ಡಿಸ್ಕನ್ನು ಹಳೇ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಒಂದೂವರೆ ಗಂಟೆ, ನೀಲಿ ನಾಲಿಗೆಯ ಹೊಸ ಕಿಂಡಿಗೆ ಚುಚ್ಚಿದರೆ ಅರ್ಧ ಗಂಟೆ. ಅದಾದ ಮೇಲೆ ಇನ್‌ಕ್ರಿಮೆಂಟಲ್ ಹಿಂದಿನ ಬ್ಯಾಕಪ್ಪಿನಿಂದ ಈಚೆಗೆ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಡಿಫರೆನ್ಶಿಯಲ್ ಪ್ರತಿ ಸಲವೂ ಮದುವೆಯಿಂದ ಈಚೆಗಿನದ್ದಷ್ಟನ್ನೂ ಬರೆಯುತ್ತದೆ.

ನಾನು ಚಿಕ್ಕಮ್ಮನನ್ನು ಆರಿಸಿದೆ. ಜಾಗ ಕಡಿಮೆ ತಿನ್ನುತ್ತದಲ್ವಾ!

ಭಾನುವಾರ ಫುಲ್, ಸೋಮವಾರದಿಂದ ದಿನಕ್ಕೊಂದು ಚೂರು. ಡಿಸ್ಕನ್ನು ಕರ್ಚೀಫಿನಲ್ಲಿ ಸುತ್ತಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದೆ. ನುಸಿಗುಳಿಗೆ ವಾಸನೆ ಹಿಡಿದ ಡಿಸ್ಕು ನಮ್ಮ ಬೀದಿಯಲ್ಲಿ ಬೇರೆ ಯಾರ ಮನೆಯಲ್ಲೂ ಇರಲಾರದು. ಒಂದು ಶನಿವಾರ ಬ್ಯಾಕಪ್ ಮುಗಿದ ಮೇಲೆ ಜಾಗ ಸಾಲದು ಅನ್ನಿಸಿ ಒಳಗೆ ಇಣುಕಿದೆ. ಸಾಲಿನಲ್ಲಿ ಒಂದು ಪುಟಾಣಿ ಫೈಲು, ಬರೀ 3 ಎಂಬಿ. ಗುರುವಾರದ್ದು. ಇದರಲ್ಲಿ ಏನು ಮಹಾ ಇರುತ್ತೆ ಅಂತ ಅಳಿಸಿಬಿಟ್ಟೆ. ಜಾಗ ಉಳಿಸಲು ಎಲ್ಲಕ್ಕಿಂತ ಚಿಕ್ಕದನ್ನು ಅಳಿಸಿದ ಜಾಣ ನಾನೊಬ್ಬನೇ ಇರಬೇಕು.

ಮಾರನೇ ಬೆಳಗ್ಗೆ ಕಂಪ್ಯೂಟರಿನ ಒಳಗಿನ ಡಿಸ್ಕು ಹಲ್ಲಿ ಲೊಚಗುಟ್ಟಿದ ಹಾಗೆ ಟಕ್, ಟಕ್ ಅಂದು ಮಲಗಿತು. ಹೊಸದನ್ನು ಹಾಕಿಸಿ ಹೆಮ್ಮೆಯಿಂದ ಬ್ಯಾಕಪ್ ಬಿಚ್ಚಿದೆ. ಬುಧವಾರದವರೆಗೆ ಸಲೀಸಾಗಿ ಬಂತು. ಮುಂದಕ್ಕೆ ಹೋಗಲೊಲ್ಲದು. ಶುಕ್ರವಾರ, ಶನಿವಾರದ ಚೂರುಗಳು ಎದುರಿಗೇ ಕೂತಿವೆ, ಗುರುವಾರವಿಲ್ಲದೆ ಅವಕ್ಕೆ ತಲೆಬುಡವಿಲ್ಲ. ಮನೆ ರಿಪೇರಿಯ ಖರ್ಚಿನ ಪಟ್ಟಿ ಅದರಲ್ಲೇ ಹೋಯಿತು. ಶುಕ್ರವಾರ ಗಾರೆಯವನಿಗೆ ಎಷ್ಟು ಕೊಟ್ಟಿದ್ದೆ? 12,000 ಅಂತ ನನ್ನ ನೆನಪು. "ಎಂಟೇ ಸಾರ್" ಅಂದ. ಎಂಟೇ ಆಯಿತು.

ಯಾವುದು ಬದಲಾಗಿದೆ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ ಅನ್ನುವುದೂ ಮಜಾ ಇದೆ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಿಂದಲೂ ಪ್ರತಿ ಫೈಲಿಗೂ ಆರ್ಕೈವ್ ಅಂತ ಒಂದು ಗುರುತು ಇದೆ. ಫೈಲನ್ನು ಮುಟ್ಟಿ ಬದಲಿಸಿದರೆ ಗುರುತು ಬೀಳುತ್ತದೆ. ಫುಲ್ಲೂ ಇನ್‌ಕ್ರಿಮೆಂಟಲ್ಲೂ ಕೆಲಸ ಮುಗಿಸಿ ಅದನ್ನು ಒರೆಸಿ ಹೋಗುತ್ತವೆ. ಡಿಫರೆನ್ಶಿಯಲ್ ಒರೆಸುವುದಿಲ್ಲ, ಹಾಗಾಗಿ ನಾಳೆಯೂ ಅದೇ ಫೈಲನ್ನು ಮತ್ತೆ ಹೊತ್ತುಕೊಳ್ಳುತ್ತದೆ. ಈಗಿನ ಎಷ್ಟೋ ಸಾಫ್ಟ್‌ವೇರ್‌ಗಳು ಈ ಗುರುತನ್ನು ನಂಬದೆ ಫೈಲಿನ ತಾರೀಕು, ಗಾತ್ರ ನೋಡುತ್ತವೆ. ಅದರಲ್ಲೂ ಒಂದು ಪೇಚು. ನನ್ನ ಮೇಲ್‌ಗಳೆಲ್ಲ 4 ಜಿಬಿಯ ಒಂದೇ ಫೈಲಿನಲ್ಲಿವೆ. ಫೈಲ್ ಲೆಕ್ಕದಲ್ಲಿ ನಕಲು ಮಾಡುವ ಸಾಫ್ಟ್‌ವೇರ್ ಹಾಕಿದ್ದಾಗ ಸೀರೆ ಅಂಗಡಿಯ ಜಾಹೀರಾತು ಒಂದು ಬಂದರೂ ಸಾಕು, ನಾಲ್ಕೂ ಜಿಬಿ ಇಡಿಯಾಗಿ ಮೆರವಣಿಗೆ ಹೊರಡುತ್ತಿತ್ತು.

ಈಗ ಇಬ್ಬರನ್ನೂ ಇಟ್ಟುಕೊಂಡಿದ್ದೇನೆ. ತಿಂಗಳ ಮೊದಲ ಭಾನುವಾರ ಮದುವೆ, ಉಳಿದ ಭಾನುವಾರಗಳು ದೊಡ್ಡಮ್ಮನಿಗೆ, ವಾರದ ದಿನಗಳು ಚಿಕ್ಕಮ್ಮನಿಗೆ. ಒಂದು ಗುರುವಾರ ಕಳೆದರೆ ಹೋಗುವುದು ಆ ವಾರದ್ದು ಮಾತ್ರ. ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್ ಜನಪ್ರಿಯಗೊಳಿಸಿದ 3-2-1 ಸೂತ್ರವನ್ನೂ ಪಾಲಿಸುತ್ತಿದ್ದೇನೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಹೊರಗಿನದ್ದು ಅಕ್ಕನ ಮನೆಯಲ್ಲಿದೆ. ಅವಳು ಅದನ್ನು ಉಪ್ಪಿನಕಾಯಿ ಜಾಡಿಯ ಹಿಂದೆ ಇಟ್ಟಿದ್ದಾಳೆ. ನುಸಿಗುಳಿಗೆಗಿಂತ ವಾಸಿ.

ಮೊನ್ನೆ ಭಾನುವಾರ ಡಿಸ್ಕಿನ ದೀಪ ಮಿಣುಕುತ್ತಿತ್ತು, ಅಷ್ಟರಲ್ಲಿ ಎಂಟು ಹೊಡೆಯಿತು. ಚಿಕ್ಕಮ್ಮ. "ಕೊನೆಗೂ ಒಪ್ಪಿಕೊಂಡಳು ಕಣೋ" ಅಂದರು. ಯಾರು ಅಂತ ಕೇಳಿದೆ. "ಗುರುವಾರ ಹೇಳಿದ್ನಲ್ಲ?" ಗುರುವಾರ ನಾನು ಫೋನ್ ಎತ್ತಿರಲಿಲ್ಲ. ಹೂಂ ಹೂಂ ಅಂತ ಇಟ್ಟು, ಕುರ್ಚಿಗೆ ಒರಗಿ ಹಾಸನಕ್ಕೆ ಫೋನ್ ಹಚ್ಚಿದೆ. "ಮದುವೆ ಆಯ್ತಲ್ಲ, ಅವತ್ತಿಂದ..." ಅಂತ ದೊಡ್ಡಮ್ಮ ಶುರು ಮಾಡಿದರು.