ಗೆಳೆಯರು ಸೇರಬೇಕೆಂದರೆ ಯಾರಾದರೂ ಸಾಯಲೇಬೇಕಾ?

ನಡುವಯಸ್ಸಿನಲ್ಲಿ ಹಳೆ ಗೆಳೆಯರು ಮತ್ತೆ ಒಟ್ಟಾಗುವ ಕಾಮಿಡಿ ಸಿನಿಮಾ ಅಂದರೆ ನನಗೆ ಪಂಚಪ್ರಾಣ. ಸುಮಾರಾಗಿದ್ದರೂ ಕೊನೆಯವರೆಗೂ ನೋಡುತ್ತೇನೆ. ಇಂಥ ಸಿನಿಮಾಗಳನ್ನು ನೋಡ್ತಾ ನೋಡ್ತಾ ಒಂದು ವಿಷಯ ತಲೆ ಕೊರೆಯಲು ಶುರುವಾಯಿತು. ಈ ಗೆಳೆಯರನ್ನು ಒಂದು ಕಡೆ ಸೇರಿಸುವುದು ಹೆಚ್ಚಾಗಿ ಒಂದು ಸಾವು.

1983ರ 'ದಿ ಬಿಗ್ ಚಿಲ್' ನೋಡಿ. ಕಾಲೇಜಿನ ಗೆಳೆಯರು ಸೇರುವುದು ತಮ್ಮಲ್ಲೇ ಒಬ್ಬನ ಅಂತ್ಯಕ್ರಿಯೆಗೆ. ಸತ್ತವನ ಪಾತ್ರ ಮಾಡಿದ್ದು ಕೆವಿನ್ ಕಾಸ್ಟ್ನರ್. ಅವನು ಬದುಕಿದ್ದಾಗಿನ ದೃಶ್ಯಗಳನ್ನೂ ಶೂಟ್ ಮಾಡಿದ್ದರು. ನಿರ್ದೇಶಕ ಲಾರೆನ್ಸ್ ಕ್ಯಾಸ್ಡನ್ ಆಮೇಲೆ ಅವನ್ನೆಲ್ಲ ಕತ್ತರಿಸಿ ಹಾಕಿದರು. ಮುಖ ಕಾಣದ ಹೆಣಕ್ಕೆ ಬಟ್ಟೆ ತೊಡಿಸುವುದಷ್ಟೇ ಉಳಿದಿದೆ. ಒಳ್ಳೆಯದೇ ಆಯಿತು. ಅವನ ಬಗ್ಗೆ ಗೆಳೆಯರು ಆಡುವ ಮಾತಿನಲ್ಲಿ ಯಾರದ್ದು ನಿಜ ಅಂತ ನಾವು ತಾಳೆ ಹಾಕುವ ಹಾಗೇ ಇಲ್ಲ.

2010ರ 'ಗ್ರೋನ್ ಅಪ್ಸ್'ನಲ್ಲಿ ತೀರಿಕೊಳ್ಳುವುದು ಗೆಳೆಯರ ಹಳೆ ಬಾಸ್ಕೆಟ್‌ಬಾಲ್ ಕೋಚ್. ವಿಮರ್ಶಕರು ಚೆನ್ನಾಗಿ ಬೈದರು, ಜನ ಮುಗಿಬಿದ್ದು ನೋಡಿದರು. ಜಗತ್ತಿನಾದ್ಯಂತ 27 ಕೋಟಿ ಡಾಲರ್ ಬಾಚಿತು. ಜನ ಯಾಕೆ ಹೋದರು ಅಂತ ನನಗೆ ಅರ್ಥವಾಗುತ್ತದೆ. ಐದು ಜನ ಸುಮ್ನೆ ಕೂತು ಒಬ್ಬರ ಕಾಲು ಒಬ್ಬರು ಎಳೆಯುವುದನ್ನು ನೋಡುವುದೇ ಒಂದು ಖುಷಿ, ಅಲ್ವಾ? ಆದರೆ ಅದರಲ್ಲಿ ದೇಹದ ಮೇಲಿನ ಜೋಕ್‌ಗಳೇ ಜಾಸ್ತಿ. ಹೊಟ್ಟೆ ಬಂದಿದೆ ಅಂತ ದಾರಿಹೋಕನೂ ಹೇಳುತ್ತಾನೆ. ಅದಕ್ಕೆ ಹಳೆ ಗೆಳೆಯನೇ ಯಾಕೆ ಬೇಕು?

ನನ್ನ ಮಟ್ಟಿಗೆ ಈ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿರುವುದು ಎಡ್ಗರ್ ರೈಟ್ ನಿರ್ದೇಶನದ 'ದಿ ವರ್ಲ್ಡ್ಸ್ ಎಂಡ್', 2013ರದ್ದು. ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿ ಬಂದು ಮುಂದೆ ಓದಿ.

1990ರಲ್ಲಿ ಐವರು ಹುಡುಗರು ಒಂದೇ ರಾತ್ರಿ ಊರಿನ 12 ಪಬ್‌ಗಳನ್ನೂ ಸುತ್ತಿ ಕುಡಿಯಲು ಹೊರಟಿರುತ್ತಾರೆ. ಮುಗಿಸಲು ಆಗಿರುವುದಿಲ್ಲ. ಈಗ ನಾಲ್ವರಿಗೆ ಅವರವರ ಜೀವನ ಇದೆ. ಸೈಮನ್ ಪೆಗ್ ಮಾಡಿದ ಗ್ಯಾರಿ ಕಿಂಗ್ ಮಾತ್ರ ಅದೇ ಕಪ್ಪು ಕೋಟು, ಅದೇ ಕಾರು. ಆ ಅರ್ಧಕ್ಕೆ ನಿಂತ ಸುತ್ತನ್ನು ಈಗ ಮುಗಿಸೋಣ ಅಂತ ಅವನು ನಾಲ್ವರನ್ನೂ ಊರಿಗೆ ಕರೆದುಕೊಂಡು ಹೊರಡುತ್ತಾನೆ. ಕಾರಿನಲ್ಲಿ ಹಾಡು ಶುರುವಾಗುತ್ತದೆ. ಇದು ನಾನು ಮಾಡಿಕೊಟ್ಟ ಕ್ಯಾಸೆಟ್ ಅಲ್ವಾ, ಎಲ್ಲಿ ಸಿಕ್ತು ಅಂತ ಗೆಳೆಯ ಸ್ಟೀವನ್‌ಗೆ ಆಶ್ಚರ್ಯ. ಸಿಗುವುದೇನು ಬಂತು, ಅದು ಅಷ್ಟು ವರ್ಷ ಪ್ಲೇಯರ್ ಒಳಗೇ ಇತ್ತು. ನಾನು ಜೋರಾಗಿ ನಕ್ಕೆ, ನಕ್ಕ ಮೇಲೆ ಗಂಟಲು ಕಟ್ಟಿತು.

ಇನ್ನೊಬ್ಬ ಗೆಳೆಯ ಪೀಟರ್‌ನ ಪ್ರಸಂಗ ಇನ್ನೂ ಒಳಗೆ ಇಳಿಯುತ್ತದೆ. ಶಾಲೆಯಲ್ಲಿ ಅವನಿಗೆ ನರಕ ತೋರಿಸಿದವನು ಪಬ್‌ನಲ್ಲಿ ಎದುರಿಗೇ ಬರುತ್ತಾನೆ, ಆದರೆ ಪೀಟರ್‌ನ ಗುರುತೇ ಹಿಡಿಯುವುದಿಲ್ಲ. ತಿಂದ ಏಟಿಗಿಂತ ಅದೇ ಜಾಸ್ತಿ ನೋಯಿಸಿತು ಅಂತ ಪೀಟರ್ ಗೆಳೆಯರ ಮುಂದೆ ಹೇಳಿಕೊಳ್ಳುತ್ತಾನೆ. ಇಂಥ ಮಾತು ಹೆಂಡತಿ ಮಕ್ಕಳ ಮುಂದೆ ಬರುವಂಥದ್ದಲ್ಲ. ಆ ಶಾಲೆಯಲ್ಲಿ ಜೊತೆಗಿದ್ದವರ ಮುಂದೆಯೇ ಬರಬೇಕು.

ಊರಿನ ಜನರ ಜಾಗದಲ್ಲಿ ಅವರಂತೆಯೇ ಕಾಣುವ ರೋಬೋಟ್‌ಗಳು ಬಂದು ಕೂತಿರುತ್ತವೆ. ಅರ್ಧ ಸಿನಿಮಾ ರೋಬೋಟ್‌ಗಳ ಜೊತೆ ಹೊಡೆದಾಟವಾಯಿತು ಅಂತ ದೂರುವವರಿದ್ದಾರೆ. ನನಗೆ ಅದೂ ಇಷ್ಟ. ಊರಿಗೆ ಮರಳಿದರೆ ಊರೇ ಬೇರೆಯವರದ್ದಾಗಿರುತ್ತದೆ ಅನ್ನುವುದನ್ನು ಅಕ್ಷರಶಃ ಮಾಡಿ ತೋರಿಸಿದ್ದಾರೆ.

ಇಲ್ಲೂ ಸಾವಿನ ನೆಪ ಇದೆ, ಆದರೆ ಸುಳ್ಳು ನೆಪ. ಆ್ಯಂಡಿ ಅನ್ನುವ ಗೆಳೆಯ ಖಡಾಖಂಡಿತವಾಗಿ ಬರುವುದಿಲ್ಲ ಅನ್ನುತ್ತಾನೆ. ಆಗ ಗ್ಯಾರಿ, ತನ್ನ ಅಮ್ಮ ತೀರಿಕೊಂಡಳು ಅನ್ನುತ್ತಾನೆ. ಅಮ್ಮ ಗಟ್ಟಿಮುಟ್ಟಾಗಿ ಬದುಕಿದ್ದಾಳೆ! ಬಾರೋ, ನಿನ್ನ ನೋಡಬೇಕು ಅಂದರೆ ಈ ವಯಸ್ಸಿನಲ್ಲಿ ಯಾರೂ ರಜೆ ಹಾಕಲ್ಲ. ಅದು ಗ್ಯಾರಿಗೆ ಗೊತ್ತು. ಕೊನೆಗೆ ಅವನ ಕೈಗಳ ಮೇಲಿನ ಬ್ಯಾಂಡೇಜ್ ಕಾಣಿಸಿದಾಗ ತಿಳಿಯುತ್ತದೆ, ಅವನು ಸಾಯಲು ಹೊರಟಿದ್ದವನು. ಗೆಳೆಯರು ಬರಲೇಬೇಕಿತ್ತು.

2013ರಲ್ಲೇ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಒಂದು ವರದಿ ಬಂದಿತ್ತು. ಅಮೆರಿಕದ ಸ್ಪೋಕೇನ್‌ನಲ್ಲಿ ಒಟ್ಟಿಗೆ ಓದಿದ ಗೆಳೆಯರು ನಡುವಯಸ್ಸಿನಲ್ಲೂ ಪ್ರತಿ ಫೆಬ್ರವರಿ ಮುಟ್ಟಾಟ ಆಡುತ್ತಾರೆ. ಗೆಳೆಯನನ್ನು ಮುಟ್ಟುವುದಕ್ಕೆಂದೇ ವಿಮಾನ ಹತ್ತಿ ಹೋಗಿ, ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟುಕೊಂಡವರೂ ಇದ್ದಾರೆ. ಎಂಥಾ ನೆಪ ನೋಡಿ! ಇದರ ಮೇಲೆ 2018ರಲ್ಲಿ 'ಟ್ಯಾಗ್' ಬಂತು. ಆದರೆ ಸಿನಿಮಾ ಮಾಡಿದವರಿಗೆ ಇಷ್ಟು ಸಾಲಲಿಲ್ಲ, ಒಬ್ಬನಿಗೆ ದೊಡ್ಡ ಕಾಯಿಲೆ ತಂದಿಟ್ಟರು. ಬೇಕಿರಲಿಲ್ಲ. ಆಟವೊಂದೇ ಸಾಕಿತ್ತು.

ಯಾರೂ ಸಾಯದೆ, ಯಾರಿಗೂ ಕಾಯಿಲೆ ಬರದೆ, ಬರೀ ನೋಡಬೇಕು ಅನ್ನಿಸಿ ಗೆಳೆಯರು ಸೇರುವ ಒಳ್ಳೆ ಕಾಮಿಡಿ ಯಾವುದಾದರೂ ಗೊತ್ತಿದ್ದರೆ ದಯವಿಟ್ಟು ಹೆಸರು ಹೇಳಿ. ಇವತ್ತೇ ನೋಡುತ್ತೇನೆ.