ಓಬವ್ವನ ಒನಕೆ ಮತ್ತು ಸಮುದಾಯ ಮಾರ್ಗಸೂಚಿ

ಚಿತ್ರದುರ್ಗದ ಮೇಷ್ಟ್ರೊಬ್ಬರ ಪೋಸ್ಟನ್ನು ದೊಡ್ಡ ಸಾಮಾಜಿಕ ಜಾಲತಾಣವೊಂದು ಕಿತ್ತುಹಾಕಿದೆ. ಕಾರಣ: ಹಿಂಸೆಗೆ ಪ್ರಚೋದನೆ. ನವೆಂಬರ್ 11, ಓಬವ್ವ ಜಯಂತಿ ಅಲ್ವಾ, ಮೇಷ್ಟ್ರು ಬರೆದದ್ದು ಇಷ್ಟೇ: "ಕೋಟೆಯ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಓಬವ್ವ ಒನಕೆಯಿಂದ ಒಬ್ಬೊಬ್ಬರನ್ನೇ ಹೊಡೆದು ಕೊಂದಳು."

ಪೋಸ್ಟ್ ಪರಿಶೀಲಿಸುವ ಯಂತ್ರಕ್ಕೆ 'ಹೊಡೆದು', 'ಕೊಂದಳು' ಕಂಡಿವೆ. ಹದಿನೆಂಟನೇ ಶತಮಾನ ಕಂಡಿಲ್ಲ. ಪಾಪ, ಸೈನಿಕರ ಮನಸ್ಸಿಗೆ ನೋವಾಗಬಾರದು ನೋಡಿ.

ಮೇಷ್ಟ್ರು ಹಟವಾದಿ. ತಿದ್ದಿ ಹಾಕಿದರು: "ಓಬವ್ವ ಒನಕೆಯಿಂದ ಸೈನಿಕರ ತಲೆ ಸವರಿದಳು." ಪಾಸಾಯಿತು! ಅದರ ಕೆಳಗೇ ಒಂದು ಜಾಹೀರಾತೂ ಬಂತು: ತೇಗದ ಒನಕೆ, ಮನೆ ಬಾಗಿಲಿಗೆ ಫ್ರೀ ಡೆಲಿವರಿ. ಮಾರುವಾಗ ಈ ಯಂತ್ರಕ್ಕೆ ಕನ್ನಡ ಚೆನ್ನಾಗೇ ಬರುತ್ತದೆ.

ಅದೇ ವಾರ ದಾವಣಗೆರೆಯ ನಮ್ಮ ಅತ್ತಿಗೆಯ ಫೋನಿನಲ್ಲಿ "ಹತ್ತು ಸಾವಿರ ಹಾಕಿ, ತಿಂಗಳಲ್ಲಿ ಲಕ್ಷ ತಗೊಳ್ಳಿ" ಅನ್ನೋ ಜಾಹೀರಾತು. ಅತ್ತಿಗೆ ರಿಪೋರ್ಟ್ ಮಾಡಿದರು. "ಪರಿಶೀಲಿಸಿದ್ದೇವೆ, ಉಲ್ಲಂಘನೆ ಕಂಡುಬಂದಿಲ್ಲ" ಅಂತ ಉತ್ತರ. ಕಾಸು ಕಟ್ಟಿದ್ದಾರಲ್ಲ, ಹೇಗೆ ಕಂಡೀತು?

ಜಾಲತಾಣ ಅವರದು, ಏನಿಡಬೇಕು ಏನು ತೆಗೀಬೇಕು ಅವರಿಷ್ಟ ಅನ್ನುವವರಿದ್ದಾರೆ. ಕೊಳಕು ಬೈಗುಳ, ಮಕ್ಕಳು ನೋಡಬಾರದ್ದು ತೆಗೆಯಲಿ, ನನ್ನ ತಕರಾರಿಲ್ಲ. ಆದರೆ ಯಾರಾದರೂ ಕೋರ್ಟಿಗೆ ಎಳೆದರೆ ಇದೇ ಕಂಪನಿಗಳು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 79ನೇ ಸೆಕ್ಷನ್ ಮುಂದೆ ಹಿಡಿಯುತ್ತವೆ. "ನಾವು ಬರೀ ಮಧ್ಯವರ್ತಿಗಳು, ಬರೆದವರು ಬೇರೆ!" ಹೊಣೆ ಬಂದಾಗ ಗೋಡೆ, ಅಳಿಸುವಾಗ ಹೆಡ್‌ಮಾಸ್ಟರ್.

ಹಾಗಂತ ಅಳಿಸುವ ಕೆಲಸ ಸರ್ಕಾರಕ್ಕೆ ಕೊಡೋಣವಾ? ಅದರ ರುಚಿಯೂ ಗೊತ್ತು. ಅದೇ ಕಾಯ್ದೆಯಲ್ಲಿ 66ಎ ಅಂತ ಒಂದು ಸೆಕ್ಷನ್ ಇತ್ತು, ಆನ್‌ಲೈನಿನಲ್ಲಿ ಕಿರಿಕಿರಿಯ ಮಾತು ಬರೆದರೂ ಜೈಲು. 2012ರಲ್ಲಿ ಮಹಾರಾಷ್ಟ್ರದಲ್ಲಿ ಪೋಸ್ಟ್ ಹಾಕಿದ ಹುಡುಗಿಯ ಜೊತೆ ಅದಕ್ಕೆ ಸುಮ್ನೆ ಲೈಕ್ ಒತ್ತಿದ ಹುಡುಗಿಯನ್ನೂ ಪೊಲೀಸರು ಹಿಡಿದಿದ್ದರು. 2015ರಲ್ಲಿ ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನೇ ರದ್ದು ಮಾಡಿತು.

ಮೇಷ್ಟ್ರು ಈಗ ಕಾನೂನು ಓದಿಕೊಂಡು, ಮೊದಲ ಪೋಸ್ಟ್ ಕಿತ್ತದ್ದಕ್ಕೆ ದೂರು ಕೊಟ್ಟಿದ್ದಾರೆ. 2021ರ ಐಟಿ ನಿಯಮದಂತೆ ದೂರು ಮುಟ್ಟಿತು ಅಂತ ಕಂಪನಿ 24 ಗಂಟೆಯೊಳಗೆ ಹೇಳಬೇಕು, 7 ದಿನದೊಳಗೆ ತೀರ್ಮಾನಿಸಬೇಕು. ಕಂಪನಿ ಎರಡನ್ನೂ ಚಾಚೂ ತಪ್ಪದೆ ಪಾಲಿಸಿತು. ಇಂಗ್ಲಿಷಿನಲ್ಲಿ. ನಿರ್ಧಾರ ಸರಿಯಾಗೇ ಇದೆಯಂತೆ. ಜೊತೆಗೆ ಒಂದು ಕಾಳಜಿಯ ಮಾತು: ಈ ಓಬವ್ವ ನಿಮಗೆ ಪರಿಚಯದವರಾಗಿದ್ದರೆ, ಸಿಟ್ಟು ತಡೆಯಲು ಅವರಿಗೆ ನೆರವು ಬೇಕಿದ್ದರೆ, ದಯವಿಟ್ಟು ಸಹಾಯವಾಣಿಗೆ ಕರೆ ಮಾಡಲು ತಿಳಿಸಿ.

ಇನ್ನು ಉಳಿದಿರುವುದು ಕೇಂದ್ರದ ಮೇಲ್ಮನವಿ ಸಮಿತಿ. ಮೇಷ್ಟ್ರು ಅರ್ಜಿ ರೆಡಿ ಮಾಡಿದ್ದಾರೆ. ಕಿಂಡಿಯ ಫೋಟೋ ಲಗತ್ತಿಸಿದ್ದಾರೆ. ಸತ್ತ ಸೈನಿಕರ ಕಡೆಯಿಂದ ಎನ್‌ಒಸಿ ಮಾತ್ರ ಇನ್ನೂ ಸಿಕ್ಕಿಲ್ಲವಂತೆ.